ಕಲ್ಲಿಗೂ ಒಂದು ಊರುಂಟು

ಅಂಚೆಚೀಟಿಗಳನ್ನು ಸಂಗ್ರಹಿಸುವ ಹುಡುಗನನ್ನು ಮನೆಯವರು ಮೆಚ್ಚಿಕೊಳ್ಳುತ್ತಾರೆ. ಹಳೆಯ ನಾಣ್ಯಗಳನ್ನು ಕೂಡಿಡುವವನನ್ನು ನೆರೆಹೊರೆಯವರೂ ಗೌರವದಿಂದ ಕಾಣುವುದುಂಟು. ಆದರೆ ಕಲ್ಲುಗಳನ್ನು ಆಯ್ದು ತಂದು ಮನೆಯಲ್ಲಿ ತುಂಬುವವನಿಗೆ ಆ ಭಾಗ್ಯವಿಲ್ಲ. ಅಂಗಿಯ ಜೇಬು ಹರಿಯುವುದು, ಕಪಾಟಿನ ಹಲಗೆ ಬಾಗುವುದು, ಕಸ ಗುಡಿಸುವಾಗ ಪೊರಕೆಗೆ ಅಡ್ಡ ಬರುವುದು, ಇವೇ ಅವನ ಹವ್ಯಾಸದಿಂದ ಮನೆಗೆ ದೊರೆಯುವ ಮೊದಲ ಫಲಗಳು. “ಊರಿನಲ್ಲಿ ಕಲ್ಲಿಗೇನು ಬರಗಾಲವೆ?” ಎಂದು ಕೇಳಿದರೆ ಅವನು ಮೌನವಾಗುತ್ತಾನೆ. ಅದೇ ಕಲ್ಲಿನಲ್ಲಿ ಒಂದು ಚಿಪ್ಪಿನ ಸುರುಳಿಯೋ ಎಲೆಯ ಅಚ್ಚೋ ಕಂಡುಬಂದಿತೆನ್ನಿ, ಮಾತು ಬೇರೆಯಾಗುತ್ತದೆ. ಕೈಯಿಂದ ಕೈಗೆ ದಾಟಿ ಎಲ್ಲರೂ ಅದನ್ನು ನೋಡುತ್ತಾರೆ. ಎಂದೋ ಉಸಿರಾಡಿದ ಒಂದು ಜೀವ ತನ್ನ ಗುರುತನ್ನು ಕಲ್ಲಿನಲ್ಲಿ ಉಳಿಸಿ ಹೋಗಿದೆಯೆಂಬ ಭಾವನೆ ಎಂಥವರನ್ನೂ ಒಂದು ಕ್ಷಣ ತಡೆದು ನಿಲ್ಲಿಸುತ್ತದೆ.

ಈ ಒಂದು ಕ್ಷಣದ ಬೆರಗನ್ನೇ ನಂಬಿಕೊಂಡು ಹೊರದೇಶಗಳಲ್ಲಿ ದೊಡ್ಡ ದೊಡ್ಡ ಮೇಳಗಳು ನಡೆಯುತ್ತವೆ. ಅಮೆರಿಕದ ಟೂಸಾನ್ ಪಟ್ಟಣದ ಹವ್ಯಾಸಿಗಳು 1955ರಲ್ಲಿ ಒಂದು ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ ತಮ್ಮ ಕಲ್ಲುಗಳನ್ನು ಮೇಜಿನ ಮೇಲೆ ಹರಡಿ ಊರವರಿಗೆ ತೋರಿಸಿದರು. ಅದು ಬೆಳೆದು, ಲೋಕದ ನಾನಾ ಮೂಲೆಗಳಿಂದ ಖನಿಜಗಳೂ ಪಳೆಯುಳಿಕೆಗಳೂ ಬಂದು ಸೇರುವ ಮಹಾಸಂತೆಯಾಯಿತು. ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲೂರಿನಲ್ಲಿ ಪಳೆಯುಳಿಕೆಗಳಿಗಾಗಿಯೇ ಒಂದು ಹಬ್ಬವುಂಟು. ಆ ಊರಿನಲ್ಲಿ 1799ರಲ್ಲಿ ಹುಟ್ಟಿದ ಬಡಗಿಯ ಮಗಳು ಮೇರಿ ಆ್ಯನಿಂಗ್, ಕುಸಿದ ದಂಡೆಯಲ್ಲಿ ದೊರೆತ ಚಿಪ್ಪುಗಳನ್ನು ಮಾರಿ ಹೊಟ್ಟೆ ಹೊರೆಯುತ್ತಿದ್ದವಳು, ಇನ್ನೂ ಬಾಲಕಿಯಾಗಿರುವಾಗಲೇ ಅಣ್ಣನೊಡನೆ ಒಂದು ಕಡಲಸರೀಸೃಪದ ಅಸ್ಥಿಪಂಜರವನ್ನು ಕಂಡುಹಿಡಿದಳು. ವಿದ್ವಾಂಸರು ಅವಳ ಮನೆಯ ಬಾಗಿಲಿಗೆ ಬಂದರು. ಆದರೆ ಹೆಂಗಸೆಂಬ ಕಾರಣಕ್ಕೆ ಅವರ ಸಭೆಯ ಬಾಗಿಲು ಅವಳಿಗೆ ತೆರೆಯಲಿಲ್ಲ.

ನಮ್ಮ ದೇಶದಲ್ಲಿಯೂ ಈ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಹವ್ಯಾಸಿಗಳಿದ್ದರು. ಜಬಲ್ಪುರದ ಬಳಿ 1828ರಲ್ಲಿ ದೈತ್ಯಪ್ರಾಣಿಯ ಮೂಳೆಗಳನ್ನು ಎತ್ತಿದವನು ಸ್ಲೀಮನ್ ಎಂಬ ಸೈನ್ಯಾಧಿಕಾರಿ. ಅವು ಡೈನೊಸಾರಿನ ಮೂಳೆಗಳೆಂದು 1877ರಲ್ಲಿ ಲಿಡೆಕ್ಕರನು ಹೆಸರಿಟ್ಟು ವಿವರಿಸುವ ಹೊತ್ತಿಗೆ ಅರ್ಧ ಶತಮಾನವೇ ಕಳೆದಿತ್ತು. ತಿರುಚಿನಾಪಳ್ಳಿಯ ಕಡೆಯ ಸುಣ್ಣಕಲ್ಲಿನ ಸೀಮೆಯಲ್ಲಿ ಚಿಪ್ಪುಗಳನ್ನು ಆಯ್ದ ಕೇ ಮತ್ತು ಕನ್ಲಿಫ್ ಎಂಬಿಬ್ಬರು ಮದರಾಸು ಸರ್ಕಾರದ ಅಧಿಕಾರಿಗಳು. ಅವರು ಕಳುಹಿಸಿದ ಪೆಟ್ಟಿಗೆಗಳನ್ನು ಬಿಚ್ಚಿ ಫೋರ್ಬ್ಸ್ ಎಂಬ ವಿದ್ವಾಂಸನು 1846ರಲ್ಲಿ ಗ್ರಂಥ ಬರೆದನು. ಅದೇ ಸೀಮೆಯ ಕಲ್ಲಿನಲ್ಲಿದ್ದ ಪಾಚಿಗಳನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರಾದ ಎಲ್. ರಾಮರಾಯರು ಜೂಲಿಯಸ್ ಪೀಯಾ ಎಂಬ ಆಸ್ಟ್ರಿಯದ ವಿದ್ವಾಂಸನೊಡನೆ ಪರಿಶೀಲಿಸಿ 1936ರಲ್ಲಿ ಪ್ರಕಟಿಸಿದರು. ಚಾಮರಾಜನಗರದಿಂದ ಹೊರಟು ದಿಂಬಂ ಘಟ್ಟವನ್ನಿಳಿದು, ಸತ್ಯಮಂಗಲ, ಈರೋಡು, ತಿರುಚಿನಾಪಳ್ಳಿಗಳನ್ನು ದಾಟಿದರೆ ಆ ಅರಿಯಲೂರು ಸಿಕ್ಕುತ್ತದೆ. ಒಂದು ಹಗಲಿನ ಪ್ರಯಾಣ. ಅಲ್ಲಿ ಸಿಮೆಂಟಿಗಾಗಿ ಅಗೆದ ಹಳ್ಳಗಳಲ್ಲಿ ಕಡಲಚಿಪ್ಪುಗಳು ಕಾಲಿಗೆ ತಗಲುತ್ತವೆ. ಹತ್ತಿರದ ಸಾತನೂರಿನಲ್ಲಿ 18 ಮೀಟರ್ ಉದ್ದದ ಮರವೊಂದು ಕಲ್ಲಾಗಿ ಮಲಗಿದೆ.

ಘಟ್ಟದ ಕೆಳಗೆ ಇಷ್ಟೊಂದು ಸಂಪತ್ತಿರುವಾಗ ಘಟ್ಟದ ಮೇಲಿನ ಚಾಮರಾಜನಗರ ಗುಂಡ್ಲುಪೇಟೆಗಳಲ್ಲಿ ಒಂದಾದರೂ ಚಿಪ್ಪು ಸಿಕ್ಕಬೇಡವೆ? ಸಿಕ್ಕುವುದಿಲ್ಲ. ಇಲ್ಲಿಯ ಕಲ್ಲು ಅಂಥದಲ್ಲ. ಪಳೆಯುಳಿಕೆಯಾಗಬೇಕಾದರೆ ಸತ್ತ ಜೀವಿಯನ್ನು ಕೆಸರೋ ಮರಳೋ ಬೇಗನೆ ಮುಚ್ಚಬೇಕು. ಪದರದ ಮೇಲೆ ಪದರ ಬಿದ್ದು ಗಟ್ಟಿಯಾಗಬೇಕು. ಆಮೇಲೆ ಆ ಪದರವನ್ನು ಭೂಮಿಯ ಬೆಂಕಿ ಮುಟ್ಟಬಾರದು. ಈ ಎರಡು ಊರುಗಳ ತಳಹದಿ ನೈಸ್ ಎಂಬ ಪಟ್ಟೆಪಟ್ಟೆಯ ಕಲ್ಲು. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಕಡೆಗೆ ಹೋದರೆ ಚಾರ್ನೊಕೈಟ್ ಎಂಬ ಕಪ್ಪು ಛಾಯೆಯ ಕಲ್ಲು. ಇವೆಲ್ಲ 250 ಕೋಟಿ ವರ್ಷಗಳಷ್ಟು, ಕೆಲವು ಅದಕ್ಕೂ ಹಿಂದಿನವು. ಚಿಪ್ಪು ಮೂಳೆಗಳುಳ್ಳ ಪ್ರಾಣಿಗಳು ಭೂಮಿಯ ಮೇಲೆ ತಲೆಯೆತ್ತಿ ಸುಮಾರು 54 ಕೋಟಿ ವರ್ಷಗಳಾದುವು. ಬರೆಯುವವನು ಹುಟ್ಟುವ ಮೊದಲೇ ಒಣಗಿ ಹೋದ ಓಲೆಯಲ್ಲಿ ಬರೆಹವನ್ನು ಹುಡುಕಿದಂತಾಯಿತು.

ಗುಂಡ್ಲುಪೇಟೆಯ ಪಶ್ಚಿಮಕ್ಕಿರುವ ಸರಗೂರಿನ ಹೆಸರಿನಿಂದ ಕರೆಯುವ ಕಲ್ಲುಗಳ ಒಂದು ಬಳಗವುಂಟು. ಅದರಲ್ಲಿ ಕೆಲವು ಒಂದಾನೊಂದು ಕಾಲದಲ್ಲಿ ನೀರಿನ ತಳದ ಮರಳಾಗಿ, ಕೆಸರಾಗಿ, ಸುಣ್ಣಕಲ್ಲಾಗಿ ಇದ್ದಂಥವೇ. ಆದರೆ ಅವು ನೆಲದಾಳಕ್ಕೆ ಇಳಿದು, ನೂರಾರು ಡಿಗ್ರಿಗಳ ಶಾಖದಲ್ಲಿ ಬೆಂದು, ಸುಣ್ಣಕಲ್ಲು ಅಮೃತಶಿಲೆಯಾಗಿ ಮರಳು ಬೆಣಚುಕಲ್ಲಾಗಿ ಮತ್ತೆ ಮೇಲೆ ಬಂದುವು. ಹಲಗೆಯ ಮೇಲೆ ಏನಾದರೂ ಬರೆದಿದ್ದರೂ ಅದು ಒರಸಿ ಹೋಯಿತು. ಚಾಮರಾಜನಗರದ ಹೆಸರನ್ನು ಹೊರದೇಶಗಳಿಗೆ ಒಯ್ದ ಕರಿಕಲ್ಲಂತೂ ಕುದಿಯುವ ಶಿಲಾರಸವು ಹಳೆಯ ಕಲ್ಲಿನ ಬಿರುಕುಗಳಲ್ಲಿ ನುಗ್ಗಿ ಆರಿದ್ದು. ಬೆಂಕಿಯಲ್ಲಿ ಯಾವ ಜೀವಿಯ ಗುರುತು ಉಳಿದೀತು? ಕರ್ನಾಟಕದಲ್ಲಿ ಇಂಥ ಗುರುತುಗಳೇ ಇಲ್ಲವೆಂದಲ್ಲ. ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲಿ ಸುಮಾರು 260 ಕೋಟಿ ವರ್ಷಗಳ ಹಿಂದೆ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳಿವೆ. ಯಾದಗಿರಿಯ ಕಡೆ ಗುರುಮಠಕಲ್ಲಿನ ಬಳಿ ಲಾವಾ ಹಾಸುಗಳ ನಡುವೆ ಸಿಹಿನೀರಿನ ಬಸವನಹುಳುಗಳ ಚಿಪ್ಪುಗಳಿವೆ. ಆದರೆ ಗುಂಡ್ಲುಹೊಳೆಯ ದಂಡೆಯಲ್ಲಿ ಅಂಥದನ್ನು ಹುಡುಕುವವನು ಬರಿಗೈಯಲ್ಲಿ ಮರಳಬೇಕು.

ಈ ಮಾತನ್ನು ಪುಸ್ತಕದಲ್ಲಿ ಓದುವುದು ಸುಲಭ. ಒಂದು ಮಗುವಿಗೆ ಹೇಳುವುದು ಕಷ್ಟ. ಗುಂಡ್ಲುಪೇಟೆಯ ಒಬ್ಬ ನಿವೃತ್ತ ಉಪಾಧ್ಯಾಯರಿಗೆ ಆ ಕಷ್ಟ ಒದಗಿತು. ಏಳನೆಯ ತರಗತಿಯಲ್ಲಿ ಓದುತ್ತಿದ್ದ ಅವರ ಮೊಮ್ಮಗಳು ಚಾಮರಾಜನಗರದಲ್ಲಿ ನಡೆಯಲಿದ್ದ ಶಾಲಾಮಕ್ಕಳ ವಸ್ತುಪ್ರದರ್ಶನಕ್ಕೆ ಹೆಸರು ಕೊಟ್ಟು ಬಂದಿದ್ದಳು. ವಿಷಯ: ‘ನಮ್ಮ ಊರಿನ ಪಳೆಯುಳಿಕೆಗಳು’. ಹೆಸರು ಕೊಟ್ಟಾದ ಮೇಲೆ ವಸ್ತುವಿಗಾಗಿ ಹುಡುಕಾಟ ಆರಂಭವಾಯಿತು. ಎರಡು ಭಾನುವಾರ ತಾತನೂ ಮೊಮ್ಮಗಳೂ ಹೊಳೆಯ ದಂಡೆ, ಹೊಲದ ಬದು, ಬೋರೆಯ ಕಲ್ಲುಗುಡ್ಡೆ ಎಲ್ಲವನ್ನೂ ಸುತ್ತಿದರು. ಹಲ್ಲಿನಂಥ ಬೆಣಚು, ಮೊಟ್ಟೆಯಂಥ ಉರುಟುಕಲ್ಲು, ಮೂಳೆಯಂಥ ಸುಣ್ಣದ ಗಂಟು, ಎಲ್ಲವೂ ಸಿಕ್ಕಿದುವು. ಯಾವುದೂ ಹಲ್ಲಲ್ಲ, ಮೊಟ್ಟೆಯಲ್ಲ, ಮೂಳೆಯಲ್ಲ. ಮೊಟ್ಟೆಯ ಆಸೆ ಕೈಬಿಡಲು ಅವಳು ಒಪ್ಪದಿದ್ದಾಗ ತಾತ ಹಿಂದೆ ನಡೆದ ಒಂದು ಸಂಗತಿಯನ್ನು ಹೇಳಿದರು. 2020ರ ಅಕ್ಟೋಬರಿನಲ್ಲಿ ಪೆರಂಬಲೂರು ಜಿಲ್ಲೆಯಲ್ಲಿ ಕೆರೆ ತೋಡುವಾಗ ದೊಡ್ಡ ಗುಂಡುಗಲ್ಲುಗಳು ಹೊರಬಂದು, ಡೈನೊಸಾರಿನ ಮೊಟ್ಟೆಗಳೆಂಬ ಸುದ್ದಿ ದೇಶವೆಲ್ಲ ಹರಡಿತು. ಬಲ್ಲವರು ಹೋಗಿ ನೋಡಿದರೆ ಅವು ಕೆಸರು ಉಂಡೆಗಟ್ಟಿ ಗಟ್ಟಿಯಾದ ಕಲ್ಲುಗಳು.

ಮೂರನೆಯ ವಾರ ಹುಡುಗಿ ಸಂತೋಷದಿಂದ ಕೂಗಿಕೊಂಡು ಬಂದಳು. ಪಕ್ಕದ ಬೀದಿಯಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದರು. ಅಲ್ಲಿ ಎಸೆದಿದ್ದ ಶಹಾಬಾದಿನ ನೆಲಗಲ್ಲಿನ ಚೂರೊಂದರ ಮೇಲೆ ಜರೀಗಿಡದ ಚಿತ್ರ ಸ್ಪಷ್ಟವಾಗಿತ್ತು. ರೆಂಬೆಯ ಮೇಲೆ ರೆಂಬೆ, ನಾಜೂಕಾದ ಕಪ್ಪು ಗೆರೆ. ತಾತ ಭೂತಗಾಜನ್ನು ತಂದು ಬಿಸಿಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಆಮೇಲೆ ಗಾಜನ್ನು ಅವಳ ಕೈಗೆ ಕೊಟ್ಟು, “ಎಲೆಗೆ ನಡುನರ ಇರಬೇಕಲ್ಲವೆ, ಹುಡುಕು” ಎಂದರು. ನರವಿರಲಿಲ್ಲ. “ಗಿಡ ಎಲ್ಲಿಂದ ಹೊರಟಿದೆ ನೋಡು” ಎಂದರು. ಎಲ್ಲ ಕೊಂಬೆಗಳೂ ಕಲ್ಲಿನ ಬಿರುಕಿನಿಂದಲೇ ಹೊರಟಿದ್ದುವು. ಬಿರುಕಿನಲ್ಲಿ ಇಳಿದ ನೀರು ಮ್ಯಾಂಗನೀಸಿನ ಕಪ್ಪನ್ನು ಹೀಗೆ ಕವಲುಕವಲಾಗಿ ಬಿಟ್ಟುಹೋಗುತ್ತದೆಂದೂ, ಶಹಾಬಾದಿನ ಕಲ್ಲು ನೆಲದ ಮೇಲೆ ಗಿಡಗಳು ಹುಟ್ಟುವುದಕ್ಕಿಂತ ಹಳೆಯದೆಂದೂ ಅವರು ಹೇಳಿದಾಗ ಹುಡುಗಿ ಉತ್ತರ ಕೊಡದೆ ಒಳಗೆ ಹೋದಳು. ಅಂದು ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ.

ಬೆಂಗಳೂರಿನಿಂದ ಬಂದ ಸೋದರಮಾವ ಈ ಸಂಕಟವನ್ನು ಒಂದೇ ಮಾತಿನಲ್ಲಿ ನಿವಾರಿಸಿದನು. ಅವನ ಪೆಟ್ಟಿಗೆಯಲ್ಲಿ, ಅಂಗಡಿಯಲ್ಲಿ ಕೊಂಡ, ಕನ್ನಡಿಯಂತೆ ಹೊಳಪು ಕೊಟ್ಟ ಒಂದು ಆ್ಯಮೊನೈಟ್ ಇತ್ತು: ಕಡಲಿನಲ್ಲಿ ಈಜುತ್ತಿದ್ದು, ಡೈನೊಸಾರುಗಳೊಡನೆಯೇ 6.6 ಕೋಟಿ ವರ್ಷಗಳ ಹಿಂದೆ ವಂಶ ನಿರ್ನಾಮವಾದ ಪ್ರಾಣಿಯ ಸುರುಳಿಚಿಪ್ಪು. “ಇದನ್ನು ಇಟ್ಟುಬಿಡು. ಗುಂಡ್ಲುಪೇಟೆಯಲ್ಲಿ ಸಿಕ್ಕಿದ್ದೆಂದು ಬರೆ. ನೋಡುವವರಿಗೇನು ಗೊತ್ತಾಗುತ್ತದೆ? ಬಹುಮಾನ ನಿನ್ನದೇ” ಎಂದನು. ಹುಡುಗಿ ತಾತನ ಮುಖವನ್ನು ನೋಡಿದಳು. ತಾತ ಕೂಡಲೇ ಬೇಡವೆನ್ನಲಿಲ್ಲ. ಮೊಮ್ಮಗಳ ಕಣ್ಣಿನಲ್ಲಿ ಮತ್ತೆ ಬೆಳಕು ಮೂಡಿದ್ದನ್ನು ಕಂಡ ಯಾವ ತಾತನಿಗೆ ತಾನೆ ಅದನ್ನು ಆರಿಸುವ ಮನಸ್ಸಾದೀತು? ಅದೊಂದು ಚೀಟಿಯಲ್ಲಿ ಒಂದು ಊರಿನ ಹೆಸರು. ಅದರಿಂದ ಯಾರಿಗೂ ನಷ್ಟವಿಲ್ಲ.

ಆದರೆ ಅವರು ಎದ್ದು ಕಪಾಟಿನಿಂದ ಒಂದು ದಪ್ಪ ಗ್ರಂಥವನ್ನು ತಂದರು. 1898ರಲ್ಲಿ ಬಿ. ಎಲ್. ರೈಸರು ಪ್ರಕಟಿಸಿದ ಶಾಸನಸಂಪುಟಗಳಲ್ಲಿ ನಾಲ್ಕನೆಯದು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಕಲ್ಲುಬರೆಹಗಳೆಲ್ಲ ಅದರಲ್ಲಿವೆ. “ಪ್ರತಿಯೊಂದು ಶಾಸನದ ಮೇಲೆ ಏನು ಬರೆದಿದೆ ಓದು” ಎಂದರು. ಇಂಥ ಗ್ರಾಮ, ಇಂಥ ದೇವಸ್ಥಾನದ ಮುಂದೆ ನೆಟ್ಟ ಕಲ್ಲು ಎಂದಿತ್ತು. “ಈ ಒಂದು ಸಾಲನ್ನು ಅಳಿಸಿಬಿಟ್ಟರೆ ಕೆಳಗಿನ ಇಷ್ಟು ದೊಡ್ಡ ಶಾಸನ ಯಾವ ಊರಿನ ದಾನವನ್ನು ಹೇಳುತ್ತದೆ? ಯಾವ ಊರಿನ ವೀರನನ್ನು ಹೊಗಳುತ್ತದೆ?” ಹಾಗೆ ಹೇಳಿ ಅವರು ಹಿಮಾಲಯದ ಒಂದು ಕಥೆಯನ್ನು ಹೇಳಿದರು. ಪಂಜಾಬಿನ ಪ್ರಾಧ್ಯಾಪಕರೊಬ್ಬರು ಹಿಮಾಲಯದ ಕಣಿವೆಗಳಲ್ಲಿ ದೊರೆತುವೆಂದು ಅನೇಕ ವರ್ಷಗಳ ಕಾಲ ಪಳೆಯುಳಿಕೆಗಳನ್ನು ಪ್ರಕಟಿಸುತ್ತ ಬಂದರು. ಅವುಗಳಲ್ಲಿ ಕೆಲವು ಮೊರಾಕ್ಕೋ ಮೊದಲಾದ ದೂರದೇಶಗಳ ಚಿಪ್ಪುಗಳಂತೆಯೇ ಇರುವುದನ್ನು ಆಸ್ಟ್ರೇಲಿಯದ ಜಾನ್ ಟ್ಯಾಲೆಂಟ್ ಎಂಬ ವಿದ್ವಾಂಸರು 1989ರಲ್ಲಿ ಬಯಲಿಗೆಳೆದರು. ಚಿಪ್ಪುಗಳು ಸುಳ್ಳಲ್ಲ, ಊರು ಸುಳ್ಳು. ಆ ಊರುಗಳನ್ನು ನಂಬಿ ನಕ್ಷೆ ಬರೆದವರ, ಲೇಖನ ಬರೆದವರ ಶ್ರಮವೆಲ್ಲ ಅದರೊಡನೆ ಮಣ್ಣುಗೂಡಿತು. ಸೋದರಮಾವ ನಗುತ್ತ, “ಮಕ್ಕಳ ಆಟಕ್ಕೆ ಇಷ್ಟು ದೊಡ್ಡ ಪುರಾಣವೆ!” ಎಂದನು. ತಾತ ಉತ್ತರಿಸಲಿಲ್ಲ. ಹುಡುಗಿಯೂ ಉತ್ತರಿಸದೆ ಆ್ಯಮೊನೈಟನ್ನು ಅಂಗೈಯಲ್ಲಿ ತಿರುಗಿಸುತ್ತ ಕುಳಿತಳು.

ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ಬೆರಗಾದರು. “ಇದೇನು, ನಮ್ಮ ಸಂಪುಟದಲ್ಲಿರುವ ಚಕ್ರದಂತೆಯೇ ಇದೆಯಲ್ಲ!” ದೇವರ ಮನೆಯಲ್ಲಿ ನಾಲ್ಕು ತಲೆಮಾರುಗಳಿಂದ ಪೂಜೆಗೊಳ್ಳುತ್ತ ಬಂದ ಶಾಲಿಗ್ರಾಮವೊಂದಿತ್ತು. ಕರಿಯ ಉರುಟುಕಲ್ಲು, ಒಂದು ಪಕ್ಕದಲ್ಲಿ ತೆರೆದ ಬಾಯಿ, ಒಳಗೆ ಏಣುಏಣಾಗಿ ಸುತ್ತಿದ ಚಕ್ರ. ತಾತ ನಿಧಾನವಾಗಿ ವಿವರಿಸಿದರು. ನೇಪಾಳದಲ್ಲಿ ಮುಕ್ತಿನಾಥದ ಸೀಮೆಯ ಕರಿಜೇಡಿಯ ಪದರಗಳಿಂದ ಈ ಉಂಡೆಗಳು ಕಳಚಿ ಗಂಡಕಿಗೆ ಬೀಳುತ್ತವೆ. ಆ ಪದರಗಳು ಹದಿನಾಲ್ಕು ಹದಿನೈದು ಕೋಟಿ ವರ್ಷಗಳ ಹಿಂದೆ ಕಡಲಿನ ತಳವಾಗಿದ್ದುವು. ಭರತಖಂಡದ ನೆಲ ಏಷ್ಯವನ್ನು ತಳ್ಳಿದಾಗ ಕಡಲು ಮಾಯವಾಗಿ ಅದರ ತಳವೇ ಹಿಮಾಲಯವಾಗಿ ಎದ್ದಿತು. ಮುಕ್ತಿನಾಥವು ಈಗ ಸಮುದ್ರಮಟ್ಟದಿಂದ ಸುಮಾರು 3,700 ಮೀಟರ್ ಎತ್ತರದಲ್ಲಿದೆ. ವಜ್ರಕೀಟವು ಕಲ್ಲನ್ನು ಕೊರೆದು ಚಕ್ರ ಬರೆಯಿತೆಂದು ಹಿರಿಯರು ಹೇಳುತ್ತ ಬಂದರು; ಕಲ್ಲಿನೊಳಗೆ ಒಂದು ಜೀವಿಯ ಕೈವಾಡವಿದೆಯೆಂಬುದನ್ನು ಅವರು ಆಗಲೇ ಗುರುತಿಸಿದ್ದರು. ಆ್ಯಮೊನೈಟ್ ಎಂಬ ಹೆಸರಿನಲ್ಲಿಯೂ ಟಗರುಕೊಂಬಿನ ಆಮೋನ್ ಎಂಬ ದೇವರೇ ಅಡಗಿದ್ದಾನೆ.

ಹುಡುಗಿಯ ಮುಂದಿನ ಮಾತು ಎಲ್ಲರೂ ಊಹಿಸಬಹುದಾದದ್ದೇ. “ಅಜ್ಜಿ, ಒಂದು ದಿನದ ಮಟ್ಟಿಗೆ ಕೊಡಿ.” ಅಜ್ಜಿಯ ಮುಖ ಬಿಗಿಯಿತು. “ಹತ್ತು ಜನ ಮುಟ್ಟುವ ಮೇಜಿನ ಮೇಲೆ ನಮ್ಮ ದೇವರನ್ನು ಇಡುವುದೆ? ನನ್ನ ಅತ್ತೆಯ ತಂದೆ ಕಾಶಿಗೆ ಹೋಗಿ, ಅಲ್ಲಿಂದ ಗಂಡಕಿಗೆ ನಡೆದು ತಂದದ್ದು ಅದು. ಮರಳಿ ಬರುವಷ್ಟರಲ್ಲಿ ಮನೆಯವರು ಅವರ ಆಸೆಯನ್ನೇ ಬಿಟ್ಟಿದ್ದರಂತೆ. ಬೇಡ, ಮಗು.” ತಾತ ಪತ್ನಿಯನ್ನು ಒತ್ತಾಯಿಸಲಿಲ್ಲ. ಆದರೆ ಅವರ ಮನಸ್ಸಿನಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ವಿಜ್ಞಾನವನ್ನೋದದ ಈಕೆ ತನ್ನ ಕಲ್ಲು ಎಲ್ಲಿಂದ ಬಂದಿತು, ಯಾರು ತಂದರು, ಹೇಗೆ ತಂದರು ಎಂಬುದನ್ನೆಲ್ಲ ಬಲ್ಲವಳು. ಅಂಗಡಿಯಿಂದ ಬಂದ ಹೊಳೆಯುವ ಚಿಪ್ಪಿಗೆ ಬೆಲೆಯ ಚೀಟಿಯಲ್ಲದೆ ಬೇರೆ ಚೀಟಿ ಇರಲಿಲ್ಲ. ಮರುದಿನ ಪೂಜೆಯ ಹೊತ್ತಿನಲ್ಲಿ ಅಜ್ಜಿ ತಾವಾಗಿಯೇ ಮೊಮ್ಮಗಳನ್ನು ಕರೆದು ಹತ್ತಿರ ಕೂರಿಸಿಕೊಂಡರು. ಅಭಿಷೇಕ ಮುಗಿಯುವವರೆಗೆ ಹುಡುಗಿ ಚಕ್ರದ ಒಂದೊಂದು ಏಣನ್ನೂ ಎಣಿಸಿ ಚಿತ್ರ ಬರೆದಳು.

ಪ್ರದರ್ಶನದ ದಿನ ತೆರಕಣಾಂಬಿಯ ಮೇಲೆ ಹೋಗುವ ಬಸ್ಸಿನಲ್ಲಿ ಒಂದು ಸಣ್ಣ ಮರದ ಪೆಟ್ಟಿಗೆ ಚಾಮರಾಜನಗರವನ್ನು ಸೇರಿತು. ಸಭಾಂಗಣದಲ್ಲಿ ಜನವೆಲ್ಲ ಹೊಗೆಯುಗುಳುವ ಜ್ವಾಲಾಮುಖಿಯ ಮಾದರಿಯ ಸುತ್ತ ನೆರೆದಿದ್ದರು. ಹುಡುಗಿಯ ಮೇಜಿನ ಮೇಲೆ ಅಂಥದೇನೂ ಇರಲಿಲ್ಲ. ನೈಸಿನ ತುಂಡೊಂದು: ‘ಗುಂಡ್ಲುಪೇಟೆ, ಹೊಳೆಯ ದಂಡೆ’. ಕರಿಕಲ್ಲಿನ ಚಕ್ಕೆಯೊಂದು: ‘ಚಾಮರಾಜನಗರ, ಬೆಂಕಿಯಲ್ಲಿ ಹುಟ್ಟಿದ್ದು’. ನೆಲಗಲ್ಲಿನ ಚೂರು: ‘ಶಹಾಬಾದು, ಇದು ಗಿಡವಲ್ಲ’. ಶಾಲಿಗ್ರಾಮದ ಚಿತ್ರ: ‘ಗಂಡಕಿ ನದಿ, ಮನೆಯಲ್ಲಿದೆ’. ಹೊಳೆಯುವ ಆ್ಯಮೊನೈಟ್: ‘ಅಂಗಡಿಯಲ್ಲಿ ಕೊಂಡದ್ದು, ಊರು ತಿಳಿಯದು’. ಮೇಲೆ ಕಟ್ಟಿದ ಹಾಳೆಯಲ್ಲಿ ವಿಷಯದ ಹೆಸರನ್ನೇ ಅವಳು ತಿದ್ದಿದ್ದಳು: ‘ನಮ್ಮ ಊರಿನಲ್ಲಿ ಪಳೆಯುಳಿಕೆ ಏಕೆ ಇಲ್ಲ?’

ಬಹುಮಾನ ಬರಲಿಲ್ಲ. ಆದರೆ ಮಧ್ಯಾಹ್ನ ಮಗನನ್ನು ಕರೆದುಕೊಂಡು ಬಂದಿದ್ದ ಒಬ್ಬಾತ ಆ ಮೇಜಿನ ಮುಂದೆ ಬಹಳ ಹೊತ್ತು ನಿಂತನು. ಕೈಗಳನ್ನು ನೋಡಿದರೆ ಸಾಕು, ಕಲ್ಲುಗಣಿಯಲ್ಲಿ ದುಡಿದವನೆಂದು ತಿಳಿಯುತ್ತಿತ್ತು. ಕರಿಕಲ್ಲಿನ ಚಕ್ಕೆಯನ್ನು ಎತ್ತಿ, ಉಗುರಿನಿಂದ ಕೆರೆದು, “ಇದಕ್ಕೆ ವಯಸ್ಸೆಷ್ಟು, ತಾಯಿ?” ಎಂದು ಕೇಳಿದನು. ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕಿಂತ ಬಹಳ ಹಿಂದಿನದೆಂದೂ, ನೂರು ಕೋಟಿ ವರ್ಷಕ್ಕೆ ಕಡಮೆಯಿಲ್ಲವೆಂದೂ ಹುಡುಗಿ ಹೇಳಿದಳು. “ಇಪ್ಪತ್ತು ವರ್ಷ ಇದನ್ನೇ ಸೀಳಿದೆ. ಯಾರೂ ಹೇಳಲಿಲ್ಲ” ಎಂದು ಆತ ಚಕ್ಕೆಯನ್ನು ಮೊದಲಿದ್ದ ಜಾಗದಲ್ಲಿಯೇ, ಚೀಟಿಗೆ ಸರಿಯಾಗಿ, ಮೆಲ್ಲನೆ ಇಟ್ಟನು.

ಚಾಮರಾಜನಗರದ ಕರಿಕಲ್ಲು ಹೊಳಪು ಪಡೆದು ಹೊರದೇಶಗಳ ಸ್ಮಾರಕಗಳಲ್ಲಿ ನಿಂತಿದೆ. ಅದರ ಮೇಲೆ ಸತ್ತವರ ಹೆಸರನ್ನು ಕೆತ್ತುತ್ತಾರೆ. ಕಲ್ಲಿನ ಊರನ್ನು ಯಾರೂ ಕೆತ್ತುವುದಿಲ್ಲ. ಅಗೆದು ಸಾಗಿಸುವ ಕಲ್ಲಿಗೆ ಲೆಕ್ಕವಿದ್ದರೆ ಸಾಕು, ಕಥೆ ಬೇಕಿಲ್ಲವೆಂದು ವ್ಯಾಪಾರಿ ಹೇಳಬಹುದು. ಹವ್ಯಾಸಿಗೆ ಹಾಗೆ ಹೇಳುವ ಅಧಿಕಾರವಿಲ್ಲ. ಅಪರೂಪದ ವಸ್ತು ತನ್ನಲ್ಲಿದೆಯೆಂಬ ಹೆಮ್ಮೆ ಹಣವಿದ್ದವರಿಗೆಲ್ಲ ಸಿಕ್ಕೀತು. ತನ್ನಲ್ಲಿರುವುದು ಎಲ್ಲಿಯದೆಂಬ ಅರಿವು ಶ್ರಮಪಟ್ಟವರಿಗೆ ಮಾತ್ರ ಸಿಕ್ಕುತ್ತದೆ. ಎಷ್ಟೋ ಮನೆಗಳ ದೇವರ ಸಂಪುಟಗಳಲ್ಲಿ ಹಿಮಾಲಯದ ಕಡಲು ಕುಳಿತಿದೆ. ಎಷ್ಟೋ ಹಜಾರಗಳ ನೆಲಗಲ್ಲಿನಲ್ಲಿ ಗಿಡವಲ್ಲದ ಗಿಡ ಚಿಗುರಿದೆ. ರಜೆಯಲ್ಲಿ ಮಕ್ಕಳು ಜೇಬು ತುಂಬ ಕಲ್ಲು ತಂದಾಗ ಹೊರಗೆಸೆಯಿರೆಂದು ಗದರಿಸುವ ಮೊದಲು ಹಿರಿಯರು ಒಂದು ಪೆನ್ಸಿಲನ್ನೂ ಅಂಗೈಯಗಲದ ಕಾಗದವನ್ನೂ ಕೊಟ್ಟರೆ ಸಾಕು. ಊರು, ಜಾಗ, ದಿನ: ಮೂರು ಮಾತು ಬರೆದಿಟ್ಟರೆ ಕಲ್ಲು ಹೇಳಬೇಕಾದದ್ದನ್ನು ಎಂದಾದರೊಂದು ದಿನ ಹೇಳುತ್ತದೆ. ಬರೆಯದೆ ಬಿಟ್ಟರೆ, ಎಂಥ ಸುಂದರವಾದ ಚಿಪ್ಪಾದರೂ ಪೊರಕೆಗೆ ಅಡ್ಡ ಬಂದ ಕಲ್ಲೇ ಸರಿ.